ಪಾಳು ಹೊಲದಲ್ಲಿ ಮತ್ತೆ ಮರ: ಮಣ್ಣಿನ ಸೂಕ್ಷ್ಮಜೀವಿಗಳಿಗೆ ಯಾವ ದಾರಿ ಒಗ್ಗುತ್ತದೆ?

ಉಳುಮೆ ನಿಂತ ಹೊಲದಲ್ಲಿ ಮರ ಬೆಳೆಸಲು ಹೊರಟವರು ಮೊದಲು ಕೇಳುವುದು ಯಾವ ಸಸಿ ಹಾಕಬೇಕು ಅಂತ. ಆಮೇಲೆ ಗುಂಡಿಯ ಅಳತೆ, ಸಾಲಿನ ಅಂತರ, ನೀರಿನ ವ್ಯವಸ್ಥೆ. ಮಣ್ಣೊಳಗಿನ ಸೂಕ್ಷ್ಮಜೀವಿಗಳ ಮಾತು ಬಂದರೂ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಅದೂ ‘ಒಂದು ಪ್ಯಾಕೆಟ್ ಜೈವಿಕ ಗೊಬ್ಬರ ಹಾಕಿಬಿಡೋಣ’ ಅನ್ನುವಷ್ಟಕ್ಕೆ. ನನ್ನ ಪ್ರಕಾರ ಇದು ತಲೆಕೆಳಗಾದ ಕ್ರಮ. ಸಸಿಗಳ ಪಟ್ಟಿ ಮಾಡುವ ಮೊದಲು ಆ ಜಮೀನಿನ ಹಿಂದಿನ ಕಥೆ ಗೊತ್ತಾಗಬೇಕು. ಯಾವ ದಾರಿ ಹಿಡಿಯಬೇಕು ಅನ್ನುವುದನ್ನು ಮುಕ್ಕಾಲು ಪಾಲು ಆ ಕಥೆಯೇ ಹೇಳಿಬಿಡುತ್ತದೆ.

ಇಲ್ಲಿ ಐದು ದಾರಿಗಳನ್ನು ಹೋಲಿಸಿದ್ದೇನೆ. ಹೊಲವನ್ನು ಹಾಗೇ ಬಿಡುವುದು, ಒಂದೇ ಜಾತಿಯ ನೆಡುತೋಪು, ಸಾರಜನಕ ಹಿಡಿಯುವ ಮರಗಳು, ಮಿಶ್ರ ತೋಪು, ಅಲ್ಲಲ್ಲಿ ಗುಂಪಾಗಿ ನೆಡುವುದು. ಇವುಗಳ ಜೊತೆಗೆ ಕಾಡಿನ ಮಣ್ಣು ತಂದು ಹಾಕುವಂಥ ಕೆಲವು ಸೇರ್ಪಡೆಗಳೂ ಇವೆ. ಹೋಲಿಸುವ ಮೊದಲು ಹೊಲ ಏನನ್ನು ಬಿಟ್ಟುಹೋಗಿದೆ ಅಂತ ನೋಡೋಣ.

ಹೊಲ ಬಿಟ್ಟುಹೋದದ್ದು

ಪಾಳು ಬಿದ್ದ ಹೊಲ ಖಾಲಿ ಮನೆಯಲ್ಲ. ಹಳೆಯ ಬಾಡಿಗೆದಾರರು ಇನ್ನೂ ಅಲ್ಲೇ ಇರುತ್ತಾರೆ. ಪದೇಪದೇ ಉಳುಮೆ, ರಸಗೊಬ್ಬರ, ವರ್ಷದಲ್ಲಿ ಕೆಲವು ತಿಂಗಳು ಬರಿ ನೆಲ, ಇದಕ್ಕೆಲ್ಲ ಒಗ್ಗಿಕೊಂಡ ಬ್ಯಾಕ್ಟೀರಿಯಾಗಳು ಅಲ್ಲಿ ತುಂಬಿರುತ್ತವೆ. ಶಿಲೀಂಧ್ರಗಳು ಕಡಿಮೆ. ಅವು ನೂಲಿನಂಥ ಎಳೆಗಳಾಗಿ ಹರಡಿ ಬದುಕುವ ಜೀವಿಗಳು. ನೇಗಿಲು ಹೋದಾಗಲೆಲ್ಲ ಆ ಎಳೆಗಳು ಕಡಿದುಹೋಗುತ್ತವೆ. ಉಳುಮೆ ನಿಂತರೆ ಇಷ್ಟು ಮಾತ್ರ ತಾನಾಗಿ ಸರಿಯಾಗಲು ಶುರುವಾಗುತ್ತದೆ, ಮರ ಇರಲಿ ಬಿಡಲಿ.

ಉಳಿದದ್ದು ಅಷ್ಟು ಸುಲಭವಲ್ಲ. ಮೊದಲನೆಯದು ರಂಜಕ. ವರ್ಷಗಟ್ಟಲೆ ಹಾಕಿದ ರಂಜಕದ ಗೊಬ್ಬರ ಮಣ್ಣಿಗೆ ಅಂಟಿಕೊಂಡು ದಶಕಗಳ ಕಾಲ ಉಳಿಯುತ್ತದೆ. ಬೇರಿಗೆ ರಂಜಕ ತಂದುಕೊಡುವ ಮೈಕೊರೈಜಾ ಶಿಲೀಂಧ್ರಕ್ಕೆ ಗಿಡ ಸಕ್ಕರೆಯ ರೂಪದಲ್ಲಿ ಕೂಲಿ ಕೊಡುತ್ತದೆ. ರಂಜಕ ಸುಮ್ನೆ ಸಿಗುವಾಗ ಗಿಡ ಯಾಕೆ ಕೂಲಿ ಕೊಡುತ್ತದೆ, ಅಲ್ವಾ? ಅಂಥ ಮಣ್ಣಿನಲ್ಲಿ ಬೇರಿಗೆ ಶಿಲೀಂಧ್ರ ಹತ್ತುವುದು ಕಡಿಮೆ. ಎರಡನೆಯದು ನೇಗಿಲಿನ ತಳದಲ್ಲಿ ಕೂತ ಗಟ್ಟಿ ಪದರ. ಅಲ್ಲಿ ಗಾಳಿಯಾಡುವುದಿಲ್ಲ, ನೀರು ನಿಲ್ಲುತ್ತದೆ. ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬ.

ಮೂರನೆಯದು, ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡದು, ಮಣ್ಣಿನ ರಸಸಾರ (ಪಿಎಚ್), ಅಂದರೆ ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ. 7 ಅಂದರೆ ತಟಸ್ಥ, ಅದಕ್ಕಿಂತ ಕೆಳಗಿಳಿದಷ್ಟೂ ಹುಳಿ. 2006ರಲ್ಲಿ ಫಿಯರರ್ ಮತ್ತು ಜಾಕ್ಸನ್ ಎಂಬ ವಿಜ್ಞಾನಿಗಳು ಉತ್ತರ ಮತ್ತು ದಕ್ಷಿಣ ಅಮೆರಿಕದ 98 ಕಡೆಯ ಮಣ್ಣನ್ನು ಹೋಲಿಸಿದರು. ಬ್ಯಾಕ್ಟೀರಿಯಾಗಳ ವೈವಿಧ್ಯಕ್ಕೂ ಬಿಸಿಲು, ಮಳೆ, ಅಕ್ಷಾಂಶಕ್ಕೂ ಅಂಥ ನಂಟು ಕಾಣಲಿಲ್ಲ. ಎದ್ದು ಕಂಡದ್ದು ರಸಸಾರ. ಹುಳಿ ಮಣ್ಣಿನಲ್ಲಿ ವೈವಿಧ್ಯ ಕಡಿಮೆ, ತಟಸ್ಥದ ಹತ್ತಿರ ಜಾಸ್ತಿ. ಹೊಲಕ್ಕೆ ಸುಣ್ಣ ಹಾಕಿದ್ದರೆ, ಅಥವಾ ಅಮೋನಿಯಂ ಗೊಬ್ಬರ ಸುರಿದು ಮಣ್ಣನ್ನು ಹುಳಿ ಮಾಡಿದ್ದರೆ, ಮರ ನೆಡುವ ಮೊದಲೇ ಆಟದ ಅರ್ಧ ಮುಗಿದಿರುತ್ತದೆ.

ಇದಕ್ಕೆ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿರುವ ಎರಡು ತುಂಡು ನೆಲಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1880ರ ದಶಕದಲ್ಲಿ ಎರಡನ್ನೂ ಉಳುಮೆ ನಿಲ್ಲಿಸಿ ಹಾಗೇ ಬಿಟ್ಟರು. ಯಾರೂ ಒಂದು ಸಸಿಯನ್ನೂ ನೆಡಲಿಲ್ಲ. ಇಂದು ಎರಡೂ ಕಡೆ ಕಾಡು ನಿಂತಿದೆ, ಎರಡೂ ಕಡೆ ಮಣ್ಣಿನ ಇಂಗಾಲ ಏರಿದೆ. ಆದರೆ ಬ್ರಾಡ್‌ಬಾಕ್ ತುಂಡಿಗೆ ಹಿಂದೆ ಸುಣ್ಣದಕಲ್ಲಿನ ಪುಡಿ ಯಥೇಚ್ಛವಾಗಿ ಬಿದ್ದಿತ್ತು. ಹಾಗಾಗಿ ಅದರ ರಸಸಾರ ಇಂದಿಗೂ 7ರ ಮೇಲೆಯೇ ಇದೆ. ಗೀಸ್‌ಕ್ರಾಫ್ಟ್‌ಗೆ ಅಷ್ಟು ಬಿದ್ದಿರಲಿಲ್ಲ. ಅಲ್ಲಿ ಸುಮಾರು ನೂರು ವರ್ಷದಲ್ಲಿ ರಸಸಾರ 7ರ ಆಸುಪಾಸಿನಿಂದ 4.4ರ ಹತ್ತಿರಕ್ಕೆ ಕುಸಿಯಿತು. ಮರಗಳ ಬಗೆಯೂ ಬೇರೆಯಾಯಿತು. ಒಂದೇ ಹವೆ, ಒಂದೇ ‘ವಿಧಾನ’, ಎರಡು ಬೇರೆ ಮಣ್ಣು.

ಫ್ರಾನ್ಸಿನ ತ್ವಿಲ್ಯಿ-ಒ-ಗ್ರೋಸೆಯ್ ಎಂಬಲ್ಲಿನ ಕಾಡಿನ ಕಥೆ ಇನ್ನೂ ಹಳೆಯದು. ರೋಮನ್ನರ ಕಾಲದಲ್ಲಿ ಬೇಸಾಯ ನಡೆದ ಜಾಗ ಅದು. ಬಿಟ್ಟುಹೋಗಿ ಸಾವಿರದ ಏಳುನೂರು ವರ್ಷಕ್ಕಿಂತ ಹೆಚ್ಚಾಗಿದೆ. 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಳೆಯ ಬೇಸಾಯದ ಗುರುತು ಅಲ್ಲಿನ ಮಣ್ಣಿನ ಪೋಷಕಾಂಶದಲ್ಲೂ ಗಿಡಗಳ ಬಗೆಯಲ್ಲೂ ಇನ್ನೂ ಇದೆ. ಆದ್ದರಿಂದ ‘ಹತ್ತು ವರ್ಷದಲ್ಲಿ ಮೂಲ ಕಾಡಿನ ಮಣ್ಣು ವಾಪಸ್’ ಅಂತ ಯಾರಾದರೂ ಮಾತು ಕೊಟ್ಟರೆ ನಕ್ಕು ಸುಮ್ಮನಾಗಿ.

ಮರ ಬಂದ ಮೇಲೆ ಏನಾಗುತ್ತದೆ

ಯಾವ ದಾರಿ ಹಿಡಿದರೂ ಬದಲಾವಣೆ ನಡೆಯುವ ಕ್ರಮ ಬಹುತೇಕ ಒಂದೇ. ಮೊದಲ ಕೆಲವು ವರ್ಷ ಮಣ್ಣು ಗಳಿಸುವುದಕ್ಕಿಂತ ಕಳೆದುಕೊಳ್ಳುವುದೇ ಜಾಸ್ತಿ ಇರಬಹುದು. ಗುಂಡಿ ತೋಡಿದಾಗ, ಕಳೆ ಕಿತ್ತಾಗ ಹಳೆಯ ಸಾವಯವ ಅಂಶ ಗಾಳಿಗೆ ತೆರೆದುಕೊಳ್ಳುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುಗಿಸುತ್ತವೆ. ಸಣ್ಣ ಸಸಿ ಉದುರಿಸುವ ಎಲೆ ಅದನ್ನು ತುಂಬಲು ಸಾಲದು. ಮೂರನೇ ವರ್ಷ ಮಣ್ಣು ಪರೀಕ್ಷೆ ಮಾಡಿಸಿ ಇಂಗಾಲ ಇಳಿದಿದೆ ಅಂತ ಎದೆ ಒಡೆದುಕೊಳ್ಳಬೇಕಿಲ್ಲ.

ಆಮೇಲೆ ತರಗೆಲೆ ಕೂಡತೊಡಗುತ್ತದೆ, ಬೇರು ಹಬ್ಬುತ್ತದೆ, ಶಿಲೀಂಧ್ರ ಮೇಲೇಳುತ್ತದೆ. ನೆದರ್‌ಲೆಂಡ್ಸ್‌ನಲ್ಲಿ ಬೇರೆ ಬೇರೆ ಕಾಲಕ್ಕೆ ಪಾಳು ಬಿಟ್ಟ ಹೊಲಗಳನ್ನು ಹೋಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಂದು ಕುತೂಹಲದ ಸಂಗತಿ ಕಂಡಿತು. ಕಾಲ ಕಳೆದಂತೆ ಶಿಲೀಂಧ್ರಗಳ ಒಟ್ಟು ತೂಕ ಅಷ್ಟೇನೂ ಏರಿರಲಿಲ್ಲ. ಆದರೆ ಗಿಡ ಬೇರಿನಿಂದ ಬಿಡುವ ಇಂಗಾಲದಲ್ಲಿ ಅವುಗಳ ಪಾಲು ದೊಡ್ಡದಾಗಿತ್ತು. ಮಣ್ಣಿನ ಜೀವಿಗಳ ನಡುವಿನ ನಂಟು ಬಿಗಿಯಾಗಿತ್ತು. ಎಷ್ಟು ಜನ ಇದ್ದಾರೆ ಅನ್ನುವುದಕ್ಕಿಂತ ಯಾರು ಕೆಲಸ ಮಾಡುತ್ತಿದ್ದಾರೆ ಅನ್ನುವುದು ಬದಲಾಗಿತ್ತು.

ಇಲ್ಲಿ ಒಂದು ಎಚ್ಚರಿಕೆ. ‘ಸೂಕ್ಷ್ಮಜೀವಿ ವೈವಿಧ್ಯ ಇಷ್ಟು ಹೆಚ್ಚಾಯಿತು’ ಅನ್ನುವ ಒಂದೇ ಸಂಖ್ಯೆ ಹಿಡಿದು ದಾರಿ ಆರಿಸಬೇಡಿ. ಅಮೆಜಾನ್‌ನಲ್ಲಿ ಕಾಡು ಕಡಿದು ಹುಲ್ಲುಗಾವಲು ಮಾಡಿದ ಜಾಗಗಳಲ್ಲಿ ಬ್ಯಾಕ್ಟೀರಿಯಾಗಳ ಸ್ಥಳೀಯ ವೈವಿಧ್ಯ ಇಳಿಯಲಿಲ್ಲ, ಏರಿತು! ಕಳೆದುಹೋದದ್ದು ಜಾಗದಿಂದ ಜಾಗಕ್ಕಿದ್ದ ವ್ಯತ್ಯಾಸ. ಎಲ್ಲ ಕಡೆಯೂ ಒಂದೇ ಬಗೆಯವು ತುಂಬಿಕೊಂಡವು. ಇದನ್ನು ತಿರುಗಿಸಿ ನೋಡಿದರೆ, ಹೊಲ ಕಾಡಾಗುವಾಗ ಬ್ಯಾಕ್ಟೀರಿಯಾಗಳ ಜಾತಿಯ ಎಣಿಕೆ ಹಾಗೇ ಉಳಿಯಬಹುದು, ಸ್ವಲ್ಪ ಇಳಿಯಲೂಬಹುದು. ಅದು ಸೋಲಲ್ಲ.

ಎಲ್ಲ ಗುಂಪುಗಳೂ ಒಂದೇ ವೇಗದಲ್ಲಿ ಮರಳುವುದಿಲ್ಲ ಅನ್ನುವುದನ್ನೂ ನೆನಪಿಡಬೇಕು. ಅಮೆರಿಕ ಖಂಡ ಮತ್ತು ಪಶ್ಚಿಮ ಆಫ್ರಿಕಾದ 77 ಕಡೆಗಳ ಉಷ್ಣವಲಯದ ಮರುಕಾಡುಗಳನ್ನು ಒಟ್ಟಿಗೆ ನೋಡಿದ 2021ರ ಅಧ್ಯಯನದಲ್ಲಿ ಮಣ್ಣಿನ ಇಂಗಾಲ, ಸಾರಜನಕ, ಸಡಿಲತೆ ಹತ್ತು ವರ್ಷದೊಳಗೇ ಚೇತರಿಸಿಕೊಂಡಿದ್ದವು. ಮರಗಳ ಜಾತಿಗಳ ಕೂಟಕ್ಕೆ ನೂರಿಪ್ಪತ್ತು ವರ್ಷಕ್ಕಿಂತ ಜಾಸ್ತಿ ಬೇಕು ಅಂತ ಲೆಕ್ಕ ಬಂತು. ಆದರೆ ಅವು ತೀರಾ ಹದಗೆಟ್ಟ ಜಮೀನುಗಳಲ್ಲ. ಇನ್ನು ಗಾಳಿಯ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳಿವೆ. ಉಳುಮೆಯಲ್ಲಿ ಸೊರಗಿದ ಅವುಗಳ ಕೆಲಸ ಕಾಡಿನ ಮಟ್ಟಕ್ಕೆ ಮರಳಲು ಉತ್ತರ ಯುರೋಪಿನಲ್ಲಿ ನೂರು ವರ್ಷವೂ ಸಾಲದಾಯಿತು.

ದಾರಿ ಒಂದು: ಸುಮ್ನೆ ಬಿಡುವುದು

ಖರ್ಚಿಲ್ಲ, ಗುಂಡಿ ತೋಡುವ ಗಲಾಟೆಯಿಲ್ಲ, ಮಣ್ಣು ಅಲುಗಾಡುವುದಿಲ್ಲ. ಮೊದಲು ಕಳೆ, ಆಮೇಲೆ ಹುಲ್ಲು, ಕುರುಚಲು, ಕೊನೆಗೆ ಮರ. ಈ ಕ್ರಮದಲ್ಲಿ ಶಿಲೀಂಧ್ರಗಳಿಗೆ ಒಂದಾದ ಮೇಲೊಂದು ಆಸರೆ ಸಿಗುತ್ತಾ ಹೋಗುತ್ತದೆ. 2002ರಲ್ಲಿ ಗುವೊ ಮತ್ತು ಗಿಫರ್ಡ್ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಹೊಲ ತಾನಾಗಿ ಕಾಡಾದ ಕಡೆ ಮಣ್ಣಿನ ಇಂಗಾಲ ಸರಾಸರಿ 53 ಶೇಕಡಾ ಏರಿತ್ತು. ಹೊಲದಲ್ಲಿ ನೆಡುತೋಪು ಮಾಡಿದ ಕಡೆ 18 ಶೇಕಡಾ. ಹುಲ್ಲುಗಾವಲಿನ ಮೇಲೆ ನೆಡುತೋಪು ಮಾಡಿದರೆ 10 ಶೇಕಡಾ ಇಳಿದಿತ್ತು! ಸರಾಸರಿ ಅಂದರೆ ಸರಾಸರಿಯೇ, ನಿಮ್ಮ ಜಮೀನಿಗೆ ಇದೇ ಸಂಖ್ಯೆ ಬರುವುದಿಲ್ಲ. ಆದರೂ ವರ್ಷಗಳಿಂದ ಒಳ್ಳೆಯ ಹುಲ್ಲು ಹಬ್ಬಿದ ಪಾಳು ಜಾಗವನ್ನು ಕೆತ್ತಿ ಸಾಲು ಹೊಡೆಯುವ ಮೊದಲು ಎರಡು ಸಲ ಯೋಚಿಸಲು ಇಷ್ಟು ಸಾಕು.

ಈ ದಾರಿಗೆ ಒಂದೇ ಒಂದು ದೊಡ್ಡ ಷರತ್ತು: ಹತ್ತಿರದಲ್ಲಿ ಕಾಡಿರಬೇಕು. ಬೀಜಕ್ಕೆ ಮಾತ್ರವಲ್ಲ, ಶಿಲೀಂಧ್ರಕ್ಕೂ. ಅಮೆರಿಕದ ಮಿನ್ನೆಸೋಟದ ಪಾಳು ಹೊಲಗಳಲ್ಲಿ ಓಕ್ ಸಸಿಗಳನ್ನು ನೋಡಿದಾಗ, ಕಾಡಿನ ಅಂಚಿಗೆ ಹತ್ತಿರವಿದ್ದವುಗಳ ಬೇರಿಗೆ ಶಿಲೀಂಧ್ರ ಚೆನ್ನಾಗಿ ಹತ್ತಿತ್ತು. ಅಂಚಿನಿಂದ ಹದಿನೈದು ಇಪ್ಪತ್ತು ಮೀಟರ್ ದೂರ ಹೋಗುವಷ್ಟರಲ್ಲೇ ಅದು ಇಳಿದುಹೋಗಿತ್ತು. ಇಪ್ಪತ್ತು ಮೀಟರ್ ಅಂದರೆ ಎಷ್ಟು? ಒಂದು ದೊಡ್ಡ ಮರದ ಎತ್ತರ, ಅಷ್ಟೇ. ಸುತ್ತ ಕಿಲೋಮೀಟರ್‌ಗಟ್ಟಲೆ ಬರೀ ಹೊಲ ಇರುವ ಕಡೆ ಸುಮ್ನೆ ಬಿಟ್ಟರೆ ಬೆಂಕಿ, ದನ, ಹಟಮಾರಿ ಹುಲ್ಲು ಇವುಗಳ ಕೈಯಲ್ಲಿ ಜಾಗ ದಶಕಗಟ್ಟಲೆ ಸಿಕ್ಕಿಬೀಳಬಹುದು.

ದಾರಿ ಎರಡು: ಒಂದೇ ಜಾತಿಯ ನೆಡುತೋಪು

ಪೈನ್, ನೀಲಗಿರಿ, ತೇಗ, ಯಾವುದೇ ಇರಲಿ, ಒಂದೇ ಜಾತಿ ಅಂದರೆ ವರ್ಷವಿಡೀ ಒಂದೇ ಬಗೆಯ ಎಲೆ ಬೀಳುತ್ತದೆ. ಎಲೆಯಲ್ಲಿ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲಿಗಿಂತ ಹೆಚ್ಚು ಇಂಗಾಲ ಇದ್ದರೆ, ಅದನ್ನು ಕೊಳೆಸುವ ಜೀವಿಗಳಿಗೆ ಸಾರಜನಕ ಸಾಲುವುದಿಲ್ಲ. ಕೊರತೆಯನ್ನು ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಉದುರಿದ ಪೈನ್ ಎಲೆಯಲ್ಲಿ ಈ ಅನುಪಾತ ಸುಲಭವಾಗಿ 50 ದಾಟುತ್ತದೆ. ಜೊತೆಗೆ ರಾಳ, ಕಹಿ ಅಂಶಗಳು ಬೇರೆ. ಬ್ಯಾಕ್ಟೀರಿಯಾ ಹಿಂದೆ ಸರಿಯುತ್ತದೆ, ಹುಳಿ ತಾಳುವ ಶಿಲೀಂಧ್ರ ಮುಂದೆ ಬರುತ್ತದೆ, ತರಗು ನೆಲದ ಮೇಲೆ ಪದರ ಕಟ್ಟುತ್ತದೆ.

ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಕ್ಯಾಲ್ಹೂನ್‌ನಲ್ಲಿ ಹಳೆಯ ಹತ್ತಿ ಹೊಲಗಳ ಮೇಲೆ 1957ರಲ್ಲಿ ಲಾಬ್ಲಾಲಿ ಪೈನ್ ನೆಟ್ಟರು. ಅಂದಿನಿಂದ ಕಾಲಕಾಲಕ್ಕೆ ಮಣ್ಣಿನ ಮಾದರಿ ತೆಗೆದು ಕೂಡಿಡುತ್ತಾ ಬಂದಿದ್ದಾರೆ. ಅದೇ ಅದರ ಬೆಲೆ. ನಾಲ್ಕು ದಶಕದಲ್ಲಿ ಆ ತೋಪು ಹಿಡಿದಿಟ್ಟ ಇಂಗಾಲದಲ್ಲಿ ಸುಮಾರು 80 ಶೇಕಡಾ ಮರದಲ್ಲಿತ್ತು, 20 ಶೇಕಡಾ ನೆಲದ ಮೇಲಿನ ತರಗಿನಲ್ಲಿತ್ತು. ಕೆಳಗಿನ ಖನಿಜ ಮಣ್ಣಿಗೆ ಸೇರಿ ಉಳಿದದ್ದು ಒಂದು ಶೇಕಡಾಕ್ಕಿಂತ ಕಡಿಮೆ. ಬೇರಿನಿಂದ, ತರಗಿನಿಂದ ಇಂಗಾಲ ಇಳಿಯುತ್ತಿರಲಿಲ್ಲ ಅಂತಲ್ಲ. ಇಳಿದದ್ದನ್ನು ಸೂಕ್ಷ್ಮಜೀವಿಗಳು ಅಷ್ಟೇ ಬೇಗ ತಿಂದು ಉಸಿರಾಗಿ ಹೊರಹಾಕಿದವು. ಮರ ಚೆನ್ನಾಗಿ ಬೆಳೆದಿದೆ ಅಂದ ಮಾತ್ರಕ್ಕೆ ಮಣ್ಣು ತುಂಬಿದೆ ಅಂತ ಅರ್ಥವಲ್ಲ.

ಈ ದಾರಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ಮೈಕೊರೈಜಾದಲ್ಲಿ ಎರಡು ಮುಖ್ಯ ಬಗೆ. ಒಂದು ಬೇರಿನ ಜೀವಕೋಶದೊಳಗೆ ಹೊಕ್ಕು ಬದುಕುವ ಆರ್ಬಸ್ಕುಲರ್ ಬಗೆ. ಬಹುಪಾಲು ಬೆಳೆಗಳೂ ಉಷ್ಣವಲಯದ ಬಹುಪಾಲು ಮರಗಳೂ ಇದರ ಜೊತೆಗಾರರು. ಇನ್ನೊಂದು ಬೇರಿನ ತುದಿಯನ್ನು ಹೊರಗಿನಿಂದ ಕವಚದಂತೆ ಸುತ್ತುವ ಎಕ್ಟೊ ಬಗೆ. ಪೈನ್, ಓಕ್, ನೀಲಗಿರಿಗಳಿಗೆ ಬೇಕಾದದ್ದು ಇದು. ಹೊಲದಲ್ಲಿ ಮೊದಲ ಬಗೆ ಅಷ್ಟಿಷ್ಟಾದರೂ ಇರುತ್ತದೆ. ಎರಡನೆಯದಕ್ಕೆ ಆಸರೆಯಾಗುವ ಗಿಡವೇ ಅಲ್ಲಿ ಇರಲಿಲ್ಲ, ಅದು ಎಲ್ಲಿಂದ ಬರಬೇಕು? ಪೋರ್ಟೊ ರಿಕೊದಲ್ಲಿ ಪೈನ್ ಬೆಳೆಸುವ ಪ್ರಯತ್ನಗಳು ಇದೇ ಕಾರಣಕ್ಕೆ ಮತ್ತೆ ಮತ್ತೆ ಸೋತವು. 1950ರ ದಶಕದಲ್ಲಿ ಹೊರಗಿನ ಪೈನ್ ಕಾಡಿನ ಮಣ್ಣು ತಂದು ಸೇರಿಸಿದ ಮೇಲೆ ಸಸಿಗಳು ಎದ್ದುನಿಂತವು.

ಗುರುತಿಸುವುದು ಕಷ್ಟವಲ್ಲ. ನರ್ಸರಿಯ ಪೈನ್ ಸಸಿಯೊಂದನ್ನು ಚೀಲದಿಂದ ಬಿಡಿಸಿ, ಬೇರನ್ನು ನೀರಿನಲ್ಲಿ ಅಲ್ಲಾಡಿಸಿ ಮಣ್ಣು ತೊಳೆಯಿರಿ. ಸಣ್ಣ ಬೇರಿನ ತುದಿಗಳು ಮೊಂಡಾಗಿ, ಊದಿಕೊಂಡು, ‘ವೈ’ ಅಕ್ಷರದ ಹಾಗೆ ಕವಲೊಡೆದು, ಮೇಲೆ ಬಿಳಿಯ ಅಥವಾ ಕಂದು ಲೇಪ ಇದ್ದರೆ ಶಿಲೀಂಧ್ರ ಹತ್ತಿದೆ. ತುದಿ ಸಪೂರವಾಗಿ, ನವಿರು ರೋಮಗಳೊಂದಿಗೆ ಬರಿದಾಗಿದ್ದರೆ ಹತ್ತಿಲ್ಲ. ಆರ್ಬಸ್ಕುಲರ್ ಬಗೆ ಹೀಗೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲೇ ನೋಡಬೇಕು.

ದಾರಿ ಮೂರು: ಸಾರಜನಕ ಹಿಡಿಯುವ ಮರಗಳು

ಸುಬಾಬುಲ್, ಗ್ಲಿರಿಸಿಡಿಯಾ, ಅಕೇಶಿಯಾ, ತಂಪು ನಾಡುಗಳ ಬ್ಲ್ಯಾಕ್ ಲೋಕಸ್ಟ್, ಇವೆಲ್ಲ ದ್ವಿದಳ ಮರಗಳು. ಇವುಗಳ ಬೇರುಗಂಟಿನಲ್ಲಿ ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾ ಇರುತ್ತದೆ. ಅದು ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಕೊಡುತ್ತದೆ. ಸರ್ವೆ ಮತ್ತು ಆಲ್ಡರ್ ದ್ವಿದಳ ಅಲ್ಲ, ಆದರೂ ಫ್ರಾಂಕಿಯಾ ಎಂಬ ಬೇರೆ ಬ್ಯಾಕ್ಟೀರಿಯಾದ ಜೊತೆ ಇದೇ ಕೆಲಸ ಮಾಡುತ್ತವೆ. ದ್ವಿದಳ ಕುಟುಂಬದ್ದೆಲ್ಲ ಸಾರಜನಕ ಹಿಡಿಯುತ್ತದೆ ಅನ್ನುವುದೂ ತಪ್ಪು. ಸೀಮೆ ತಂಗಡಿಗೆ ಬೇರುಗಂಟೇ ಆಗುವುದಿಲ್ಲ.

ಸವಕಳಿಯಿಂದ ಮೇಲ್ಮಣ್ಣು ಹೋದ, ಕೆಂಪಗೆ ಬತ್ತಿದ ಜಮೀನಿಗೆ ಇದು ಅತ್ಯಂತ ಬೇಗ ಚೈತನ್ಯ ತರುವ ದಾರಿ. ಎಲೆ ಮೆದು, ಸಾರಜನಕ ಜಾಸ್ತಿ, ಬೇಗ ಕೊಳೆಯುತ್ತದೆ. ಸೂಕ್ಷ್ಮಜೀವಿಗಳ ಒಟ್ಟು ತೂಕ ಏರುತ್ತದೆ. ಆದರೆ ಗೊಬ್ಬರ ಉಂಡು ಕೊಬ್ಬಿದ ಹೊಲದಲ್ಲಿ ಇದೇ ಮರ ಏನು ಮಾಡುತ್ತದೆ? ಮಣ್ಣಿನಲ್ಲಿ ನೈಟ್ರೇಟ್, ಅಂದರೆ ಗಿಡ ನೇರವಾಗಿ ಹೀರಬಲ್ಲ ರೂಪದ ಸಾರಜನಕ, ಸಾಕಷ್ಟಿದ್ದರೆ ಬೇರುಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಆಗ ಅದು ಬರೀ ಇನ್ನೊಂದು ಮರ. ಒಂದು ಬೇರುಗಂಟನ್ನು ಉಗುರಿನಲ್ಲಿ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೆಯುತ್ತಿದೆ, ಹಸಿರು ಅಥವಾ ಕಂದು ಇದ್ದರೆ ನಿಂತಿದೆ. ಇದು ರೈಜೋಬಿಯಂ ಗಂಟಿಗೆ ಮಾತ್ರ ಹೊಂದುವ ಪರೀಕ್ಷೆ.

ಅತಿಯಾದರೂ ತೊಂದರೆಯೇ. ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಜೀವಿಗಳು ಚುರುಕಾಗುತ್ತವೆ. ಆ ಕ್ರಿಯೆಯಲ್ಲಿ ಮಣ್ಣು ಹುಳಿಯಾಗುತ್ತದೆ. ಮಿಕ್ಕ ನೈಟ್ರೇಟ್ ಮಳೆಗೆ ಕೆಳಗಿಳಿಯುತ್ತದೆ, ಒಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ನೀರಿನ ಲೆಕ್ಕವೂ ಇದೆ. ಚೀನಾದಲ್ಲಿ 1999ರಲ್ಲಿ ಶುರುವಾದ, ಕಡಿದಾದ ಇಳಿಜಾರಿನ ಹೊಲಗಳನ್ನು ಕಾಡಿಗೂ ಹುಲ್ಲಿಗೂ ಬಿಡುವ ಬೃಹತ್ ಯೋಜನೆಯಲ್ಲಿ ಲೋಯೆಸ್ ಪ್ರಸ್ಥಭೂಮಿಯ ತುಂಬ ಬ್ಲ್ಯಾಕ್ ಲೋಕಸ್ಟ್ ನೆಟ್ಟರು. ಸವಕಳಿ ತಗ್ಗಿತು, ಮೇಲ್ಪದರದ ಸೂಕ್ಷ್ಮಜೀವಿಗಳಿಗೂ ಇಂಗಾಲಕ್ಕೂ ಲಾಭವಾಯಿತು. ಆದರೆ ಮಳೆ ಕಡಿಮೆ ಇರುವ ಭಾಗಗಳಲ್ಲಿ ಮರಗಳು ಆಳದ ತೇವವನ್ನು ಹೀರಿ ಮಣ್ಣಿನಲ್ಲಿ ಒಣ ಪದರ ಮಾಡಿದವು. ಅಂಥ ಜಾಗಕ್ಕೆ ಹುಲ್ಲು, ಕುರುಚಲೇ ಸರಿಯಿತ್ತು ಅನ್ನುವ ಮಾತು ಆಮೇಲೆ ಬಲವಾಯಿತು. ಒಣಗಿದ ಮಣ್ಣಿನಲ್ಲಿ ಯಾವ ಸೂಕ್ಷ್ಮಜೀವಿಯೂ ದುಡಿಯುವುದಿಲ್ಲ.

ದಾರಿ ನಾಲ್ಕು: ಮಿಶ್ರ ತೋಪು

ಯಾವುದಾದರೂ ಒಂದನ್ನು ಆರಿಸು ಅಂದರೆ ನನ್ನ ಮತ ಇದಕ್ಕೆ. ಬೇರೆ ಬೇರೆ ಎಲೆ, ಬೇರೆ ಬೇರೆ ಆಳದ ಬೇರು, ಬೇರೆ ಬೇರೆ ಕಾಲಕ್ಕೆ ಉದುರುವ ತರಗು. ಮಣ್ಣಿನ ಜೀವಿಗಳಿಗೆ ವರ್ಷವಿಡೀ ಊಟ. ಚೀನಾದ ಜಿಯಾಂಗ್ಶಿಯಲ್ಲಿ 2009ರಲ್ಲಿ ಶುರುವಾದ ದೊಡ್ಡ ಪ್ರಯೋಗದಲ್ಲಿ ಹದಿನಾರು ಜಾತಿ ಬೆರೆಸಿದ ತುಣುಕುಗಳು ಎಂಟು ವರ್ಷದಲ್ಲಿ ಒಂದೇ ಜಾತಿಯವುಗಳ ಸರಾಸರಿಗಿಂತ ಎರಡು ಪಟ್ಟಿಗೂ ಹೆಚ್ಚು ಇಂಗಾಲ ಕೂಡಿಸಿದವು. ಅದು ಮರದ ಲೆಕ್ಕ, ಮಣ್ಣಿನದಲ್ಲ. ಅಲ್ಲಿ ಮೊದಲು ಇದ್ದದ್ದು ಹೊಲವೂ ಅಲ್ಲ, ಕಡಿದ ನೆಡುತೋಪು. ಆದರೂ ಎಲೆ ಬೇರು ಜಾಸ್ತಿ ಬೆಳೆದರೆ ಮಣ್ಣಿಗೆ ಇಳಿಯುವ ಆಹಾರವೂ ಜಾಸ್ತಿ.

ಬೆರೆಸಿದರೆ ಸಾಕು, ಎಲ್ಲ ಕಡೆ ಲಾಭ ಅಂತಲ್ಲ. ನೀಲಗಿರಿಗೆ ಅಕೇಶಿಯಾ ಬೆರೆಸುವ ಒಂದೇ ಬಗೆಯ ಪ್ರಯೋಗ ಕಾಂಗೊ ಮತ್ತು ಬ್ರೆಜಿಲ್‌ಗಳಲ್ಲಿ ನಡೆಯಿತು. ಕಾಂಗೊದ ಬಡ ಮರಳು ಮಣ್ಣಿನಲ್ಲಿ ಮಿಶ್ರಣ ಗೆದ್ದಿತು. ಬ್ರೆಜಿಲ್‌ನಲ್ಲಿ ಬರೀ ನೀಲಗಿರಿಗಿಂತ ಹೆಚ್ಚಿನ ಮರ ಸಿಗಲಿಲ್ಲ. ಸಾರಜನಕ ಇಲ್ಲದ ಕಡೆ ಸಾರಜನಕ ತರುವವನಿಗೆ ಬೆಲೆ.

ಜಾತಿಗಳ ಸಂಖ್ಯೆಗಿಂತ ಅವುಗಳ ಗುಣ ಮುಖ್ಯ. ಹತ್ತು ಜಾತಿ ಹಾಕಿ ಹತ್ತೂ ದಪ್ಪ, ಗಟ್ಟಿ ಎಲೆಯವಾದರೆ ಮಣ್ಣಿಗೆ ಅದು ಒಂದೇ ಜಾತಿಯ ಹಾಗೆ. ನಾಲ್ಕೈದೇ ಜಾತಿ ಇರಲಿ, ಅದರಲ್ಲಿ ಬೇಗ ಕೊಳೆಯುವ ಎಲೆಯದ್ದು ಒಂದೆರಡು, ನಿಧಾನದ್ದು ಒಂದೆರಡು, ಸಾರಜನಕ ಹಿಡಿಯುವುದು ಒಂದು, ಅದೂ ಅಲ್ಪಸಂಖ್ಯಾತವಾಗಿ. ಎರಡೂ ಬಗೆಯ ಮೈಕೊರೈಜಾದ ಮರಗಳು ಇರಲಿ.

ದಾರಿ ಐದು: ಗುಂಪು ಗುಂಪಾಗಿ ನೆಡುವುದು

ಇಡೀ ಜಮೀನಿಗೆ ಸಸಿ ಹಾಕುವ ಬದಲು ಅಲ್ಲಲ್ಲಿ ಸಣ್ಣ ಗುಂಪು ನೆಟ್ಟು ನಡುವಿನ ಜಾಗವನ್ನು ಹಾಗೇ ಬಿಡುವುದು. ಕೋಸ್ಟ ರಿಕದ ದಕ್ಷಿಣದಲ್ಲಿ 2004ರಿಂದ ಇಂಥ ಪ್ರಯೋಗ ನಡೆದಿದೆ. ಹತ್ತು ವರ್ಷ ದಾಟುವಷ್ಟರಲ್ಲಿ ಗುಂಪುಗಳು ಹರಡಿ, ಹೊಸ ಗಿಡಗಳು ಬರುವ ವಿಷಯದಲ್ಲಿ ಪೂರ್ತಿ ನೆಟ್ಟ ಜಾಗಕ್ಕೆ ಹತ್ತಿರ ಬಂದವು. ಗುಂಡಿ ಕಡಿಮೆ, ಅಂದರೆ ಕದಡಿದ ಮಣ್ಣೂ ಕಡಿಮೆ. ಬಜೆಟ್ ಚಿಕ್ಕದು, ಜಾಗ ದೊಡ್ಡದು ಅನ್ನುವವರಿಗೆ ಇದು ಒಳ್ಳೆಯ ನಡುದಾರಿ.

ಸೇರ್ಪಡೆಗಳು: ಯಾವುದು ಬೇಕು, ಯಾವುದು ಬೇಡ

ಅಂಗಡಿಯ ಮೈಕೊರೈಜಾ ಪ್ಯಾಕೆಟ್ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಸ್ವತಂತ್ರ ಪರೀಕ್ಷೆಗಳಲ್ಲಿ ಇಂಥ ಉತ್ಪನ್ನಗಳಲ್ಲಿ ಅನೇಕವು ಬೇರಿಗೆ ಹತ್ತಲೇ ಇಲ್ಲ. ಬದುಕಿರುವ ಬೀಜಕಣಗಳು ಇರಲಿಲ್ಲ, ಇಲ್ಲವೇ ತೀರಾ ಕಡಿಮೆ ಇದ್ದವು. ಹತ್ತಿದರೂ ಅವು ಎಲ್ಲ ಕಡೆ ಮಾರುವ ಒಂದೆರಡು ಜಾತಿಗಳು. ನಿಮ್ಮ ಮರಕ್ಕೆ ಬೇಕಾದವು ಅವೇ ಅಂತ ಏನೂ ಇಲ್ಲ.

ಹತ್ತಿರದ ಆರೋಗ್ಯವಂತ ಕಾಡಿನ ಮಣ್ಣು ಇದಕ್ಕಿಂತ ಎಷ್ಟೋ ಮೇಲು. ನೆದರ್‌ಲೆಂಡ್ಸ್‌ನ ಹಳೆಯ ಹೊಲವೊಂದರಲ್ಲಿ 2006ರಲ್ಲಿ ಕೆಲವು ಕಡೆ ಹುಲ್ಲುಗಾವಲಿನ ಮಣ್ಣನ್ನೂ ಕೆಲವು ಕಡೆ ಹೀತ್ ಕುರುಚಲಿನ ಮಣ್ಣನ್ನೂ ತೆಳುವಾಗಿ ಹರಡಿದರು. ಆರು ವರ್ಷದ ಮೇಲೆ ನೋಡಿದರೆ, ಯಾವ ಮಣ್ಣು ಹಾಕಿದ್ದರೋ ಗಿಡಗಳ ಬಗೆಯೂ ಆ ಕಡೆಗೇ ವಾಲಿತ್ತು. ಮಣ್ಣಿನ ಜೀವಿಗಳೂ ಹಾಗೆಯೇ. ಗೊಬ್ಬರ ತುಂಬಿದ ಮೇಲ್ಮಣ್ಣನ್ನು ತೆಗೆದ ಕಡೆ ಪರಿಣಾಮ ಇನ್ನೂ ಜೋರಾಗಿತ್ತು. ಹಳೆಯವರು ಗಟ್ಟಿಯಾಗಿ ಕೂತಿರುವ ಕಡೆ ಹೊಸಬರಿಗೆ ಜಾಗವಿಲ್ಲ, ಅಷ್ಟೇ.

ಹಾಗಂತ ಕಾಡನ್ನು ಬಗೆದು ಲಾರಿಗಟ್ಟಲೆ ಮಣ್ಣು ತರಬೇಡಿ. ನರ್ಸರಿ ಚೀಲಗಳಲ್ಲಿ ಸಸಿಗೊಂದು ಹಿಡಿ ಸಾಕು. ಅದೇ ಜಾತಿಯ ದೊಡ್ಡ ಮರದ ಬುಡದಿಂದ, ತರಗೆಲೆ ಸರಿಸಿ, ಮೇಲಿನ ಹತ್ತು ಸೆಂಟಿಮೀಟರ್ ಮಣ್ಣನ್ನು ಸಣ್ಣ ಬೇರುಗಳ ಸಮೇತ ತೆಗೆದುಕೊಳ್ಳಿ. ಬಿಸಿಲಿಗೆ ಒಣಗಿಸಬೇಡಿ. ಕೆಲವೇ ದಿನದಲ್ಲಿ ಬಳಸಿ. ಬೇರುಕೊಳೆ ರೋಗ ಇರುವ ಮರದ ಹತ್ತಿರ ಹೋಗಲೇಬೇಡಿ, ಅದೂ ಜೊತೆಗೆ ಬರುತ್ತದೆ. ದೂರದ ದೇಶದ, ದೂರದ ಪ್ರದೇಶದ ಮಣ್ಣು ತರುವುದಂತೂ ಬೇಡ.

ಮೇಲ್ಮಣ್ಣು ತೆಗೆಸುವುದು ದುಬಾರಿ. ತೆಗೆದದ್ದರ ಜೊತೆ ಇಂಗಾಲವೂ ಬೀಜಗಳೂ ಹೋಗುತ್ತವೆ. ರಂಜಕ ವಿಪರೀತ ಇದ್ದು, ಬಡ ಮಣ್ಣೇ ಬೇಕಾಗುವ ಅಪರೂಪದ ಗಿಡಗಳನ್ನು ತರುವ ಗುರಿ ಇದ್ದರೆ ಮಾತ್ರ ಯೋಚಿಸಿ. ಸುಣ್ಣ ಹಾಕುವ ವಿಷಯದಲ್ಲೂ ಅವಸರ ಬೇಡ. ಹತ್ತಿರದ ಕಾಡಿನ ಮಣ್ಣೇ ಹುಳಿಯಾಗಿದ್ದರೆ ನಿಮ್ಮದು ಹುಳಿಯಾಗುವುದು ರೋಗವಲ್ಲ. ಗಟ್ಟಿ ಪದರವನ್ನು ಆಳದ ಕುಳದಿಂದ ಒಮ್ಮೆ ಸೀಳಿಸುವುದು ಮಾತ್ರ ಅನೇಕ ಕಡೆ ಕೆಲಸಕ್ಕೆ ಬರುತ್ತದೆ. ನೆಡುವ ಸಾಲಿನಲ್ಲಿ ಮಾತ್ರ ಸೀಳಿ, ಇಡೀ ಹೊಲವನ್ನಲ್ಲ.

ನಿಮ್ಮ ಜಮೀನಿಗೆ ಯಾವುದು

ಅಂಚಿಗೇ ಕಾಡಿದೆ, ಬೇಸಾಯ ಹಗುರವಾಗಿತ್ತು, ಆಗಲೇ ಕುರುಚಲು ಎದ್ದಿದೆ. ಹಾಗಿದ್ದರೆ ಸುಮ್ನೆ ಬಿಡಿ. ಬೆಂಕಿ, ದನ ತಡೆಯುವುದಕ್ಕೆ ದುಡ್ಡು ಹಾಕಿ. ಕಾಡು ದೂರ ಇದೆ, ಮಣ್ಣು ಪರವಾಗಿಲ್ಲ ಅಂದರೆ ಗುಂಪು ನೆಡುವಿಕೆ ಅಥವಾ ಮಿಶ್ರ ತೋಪು. ಸಸಿಗಳಿಗೆ ನರ್ಸರಿಯಲ್ಲೇ ಕಾಡಿನ ಮಣ್ಣು ಸೋಕಿಸಿ. ಮೇಲ್ಮಣ್ಣೇ ಕೊಚ್ಚಿಹೋದ ಬಡ ಜಮೀನಾದರೆ ಸಾರಜನಕ ಹಿಡಿಯುವ ಮರಗಳನ್ನು ಮೊದಲು ತನ್ನಿ, ಆದರೆ ಮೊದಲ ದಿನದಿಂದಲೇ ಬೇರೆ ಜಾತಿಗಳೊಂದಿಗೆ ಬೆರೆಸಿ. ತಾನಾಗಿ ಹಬ್ಬಿ ಬಿಡದೆ ಕಾಡುವ ಹೊರಗಿನ ಜಾತಿ ಬೇಡ. ಗೊಬ್ಬರ ತುಂಬಿದ ಹೊಲದಲ್ಲಿ ಸಾರಜನಕ ಹಿಡಿಯುವ ಮರಗಳನ್ನು ಹಾಕಲೇಬೇಡಿ. ಅಲ್ಲಿ ಬೇಗ ಬೆಳೆದು ಮಣ್ಣಿನ ಸಾರಜನಕವನ್ನು ಹೀರುವ ಮರಗಳು ಮೇಲು. ಮಳೆ ಕಡಿಮೆ ಇರುವ ಕಡೆ ಮರಗಳ ಸಂಖ್ಯೆಯನ್ನೇ ತಗ್ಗಿಸಿ, ಹುಲ್ಲನ್ನು ಉಳಿಸಿ. ಮರಮಟ್ಟಿನ ಆದಾಯ ಬೇಕೇ ಬೇಕು ಅಂದರೆ ಒಂದೇ ಜಾತಿ ಹಾಕಿ, ತಪ್ಪೇನಿಲ್ಲ. ಆದರೆ ಅಡಿಯಲ್ಲಿ ತಾನಾಗಿ ಬರುವ ಗಿಡಗಳನ್ನು ಸವರಬೇಡಿ, ತರಗೆಲೆ ಗುಡಿಸಿ ಒಯ್ಯಬೇಡಿ.

ದಾರಿ ಸರಿಯಿದೆಯೋ ನೋಡುವುದು ಹೇಗೆ

ಡಿಎನ್‌ಎ ಪರೀಕ್ಷೆಯಿಂದ ಶುರು ಮಾಡಬೇಡಿ. ಮಣ್ಣಿನಲ್ಲಿ ಸಿಗುವ ಡಿಎನ್‌ಎಯಲ್ಲಿ ಸರಾಸರಿ 40 ಶೇಕಡಾದಷ್ಟು ಸತ್ತ ಜೀವಕೋಶಗಳದ್ದು ಅಂತ 2016ರ ಅಧ್ಯಯನವೊಂದು ತೋರಿಸಿದೆ. ಮೊದಲು ರಸಸಾರ, ಸಾವಯವ ಇಂಗಾಲ, ಲಭ್ಯ ರಂಜಕ ಇಷ್ಟು ಅಳೆಸಿ. ಸಾಧ್ಯವಾದರೆ ಸೂಕ್ಷ್ಮಜೀವಿಗಳ ಇಂಗಾಲವನ್ನೂ ಅಳೆಸಿ. ಅದು ಸಾಮಾನ್ಯವಾಗಿ ಮಣ್ಣಿನ ಸಾವಯವ ಇಂಗಾಲದ 1ರಿಂದ 4 ಶೇಕಡಾ ಮಾತ್ರ ಇರುತ್ತದೆ. ಆದರೆ ಒಟ್ಟು ಇಂಗಾಲ ಕದಲುವ ಮೊದಲೇ ಇದು ಕದಲುತ್ತದೆ, ಹಾಗಾಗಿ ಬೇಗ ಸುಳಿವು ಕೊಡುತ್ತದೆ.

ಲ್ಯಾಬ್ ಇಲ್ಲದಿದ್ದರೂ ನಡೆಯುತ್ತದೆ. ಒಣಗಿದ ಸಣ್ಣ ಹೆಂಟೆಯನ್ನು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಿ. ಕ್ಷಣದಲ್ಲಿ ಕರಗಿ ಕೆಸರಾದರೆ ಅದು ಇನ್ನೂ ಹೊಲದ ಮಣ್ಣು. ಹಾಗೇ ನಿಂತರೆ ಶಿಲೀಂಧ್ರದ ಎಳೆ, ಬೇರು, ಸೂಕ್ಷ್ಮಜೀವಿಗಳ ಅಂಟು ಅದನ್ನು ಹಿಡಿದಿವೆ. ಶುದ್ಧ ಹತ್ತಿ ಬಟ್ಟೆಯ ಒಂದೇ ಅಳತೆಯ ತುಂಡುಗಳನ್ನು ಹತ್ತು ಸೆಂಟಿಮೀಟರ್ ಆಳದಲ್ಲಿ ಹೂತು ಎರಡು ತಿಂಗಳ ಮೇಲೆ ತೆಗೆಯಿರಿ. ಎಷ್ಟು ಉಳಿದಿದೆ ಅಂತ ತೋಪಿನಲ್ಲೂ ಕಾಡಿನಲ್ಲೂ ಹೋಲಿಸಿ. ತರಗೆಲೆ ಎತ್ತಿದಾಗ ಅಡಿಯಲ್ಲಿ ಬಿಳಿ ಎಳೆಗಳ ಬಲೆ ಕಂಡರೆ ಶಿಲೀಂಧ್ರ ಕೆಲಸಕ್ಕೆ ಇಳಿದಿದೆ.

ಹೋಲಿಕೆ ಮಾಡುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಪಕ್ಕದ ಹತ್ತು ವರ್ಷದ ತೋಪು, ಇಪ್ಪತ್ತು ವರ್ಷದ ತೋಪು ನೋಡಿ ‘ನಮ್ಮದೂ ಹೀಗೇ ಆಗುತ್ತದೆ’ ಅನ್ನುವುದು. ರೈತರು ಮೊದಲು ಕೈಬಿಡುವುದು ಕೆಟ್ಟ ಜಮೀನನ್ನು. ಹಾಗಾಗಿ ಹಳೆಯ ತೋಪು ಬಡ ಮಣ್ಣಿನ ಮೇಲೂ ಹೊಸದು ಒಳ್ಳೆಯ ಮಣ್ಣಿನ ಮೇಲೂ ನಿಂತಿರಬಹುದು. ಅದಕ್ಕಿಂತ ನಿಮ್ಮ ಜಮೀನಿನಲ್ಲೇ ಒಂದು ಪಟ್ಟೆಯನ್ನು ಏನೂ ನೆಡದೆ ಬಿಡಿ. ನೆಡುವ ಮೊದಲೇ ಎರಡೂ ಕಡೆಯ ಮಣ್ಣು ಪರೀಕ್ಷೆ ಮಾಡಿಸಿ. ಆಮೇಲೆ ಮೂರು ನಾಲ್ಕು ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ, ಅದೇ ಆಳದಿಂದ ಮಾದರಿ ತೆಗೆಯಿರಿ. ಮಳೆಗಾಲದ ಮಾದರಿಯನ್ನು ಬೇಸಿಗೆಯದರ ಜೊತೆ ಹೋಲಿಸಿದರೆ ನಿಮಗೆ ಕಾಣುವುದು ಮಳೆ, ಮರವಲ್ಲ.